ಪಿಸ್ಟನ್ ದಿಗ್ವಿಜಯ

ನಮ್ಮ ಇಂಜಿನ್ ಕಾರ್ಖಾನೆಯ ನಕ್ಷೆಗಾರನಿಗೆ ಈ ಭೂಮಿಯ ಮೇಲೆ ಶತ್ರುಗಳು ಎರಡೇ. ಒಂದು ದಿಬ್ಬ, ಇನ್ನೊಂದು, ಆ ದಿಬ್ಬದ ನೆತ್ತಿಯಲ್ಲಿ ಮನೆ ಕಟ್ಟಿಕೊಂಡಿದ್ದ ಷಡ್ಡಕ.

ಭಾನುವಾರ ಬಂತೆಂದರೆ ಅವನು ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅವಳ ಅಕ್ಕನ ಮನೆಗೆ ಹೊರಡಬೇಕು. ದಿಬ್ಬದ ಅರ್ಧದಲ್ಲಿ ಕಲ್ಲಿನ ಕಟ್ಟೆಯಿರುವ ತಿರುವು ಬಂದೊಡನೆ ಬೈಕು ಕೆಮ್ಮಿ, ನರಳಿ, ಮೌನವ್ರತ ಹಿಡಿಯುತ್ತಿತ್ತು. ಹೆಂಡತಿ ಇಳಿಯುತ್ತಿದ್ದಳು. (ಇಳಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬಸ್ ನಿಲ್ದಾಣ ಬಂದವಳಂತೆ ತಾನಾಗಿಯೇ ಇಳಿಯುತ್ತಿದ್ದಳು.) ಇಂಜಿನ್ ಆರಲೆಂದು ಇಬ್ಬರೂ ಕಟ್ಟೆಯ ಮೇಲೆ ಕೂತಿರುವಾಗ ಮೇಲಿನಿಂದ ಷಡ್ಡಕನ ಕಾರು ನುಣ್ಣಗೆ ಇಳಿದು ಬರುತ್ತಿತ್ತು.

"ಮತ್ತೆ ನಿಂತುಹೋಯ್ತಾ? ಇಂಜಿನ್ ಕಾರ್ಖಾನೆಯವರ ಗಾಡಿನೇ ಹೀಗಾದ್ರೆ ನಮ್ಮಂಥೋರ ಗತಿ ಏನಪ್ಪಾ," ಎನ್ನುತ್ತ ಅವನು ಕಾರಿನ ಬಾಗಿಲು ತೆಗೆದು ಹಿಡಿಯುತ್ತಿದ್ದ. ಆ ಸೌಜನ್ಯಕ್ಕೇ ನಕ್ಷೆಗಾರನ ಮೈ ಉರಿಯುತ್ತಿತ್ತು.

ಒಂದು ಭಾನುವಾರ ಷಡ್ಡಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಈ ಗುಜರಿನ ಬಿಸಾಕು. ನನ್ನ ಹಳೇ ಕಾರು ಸುಮ್ನೆ ನಿಂತಿದೆ, ತಗೊಂಡು ಹೋಗು."

ಷಡ್ಡಕ ದಾನ ಕೊಟ್ಟ ಕಾರಿನಲ್ಲಿ ಕೂತವನು ಆಮೇಲೆ ಜೀವಮಾನವಿಡೀ ತಲೆ ತಗ್ಗಿಸಿಕೊಂಡೇ ಇಳಿಯಬೇಕಾಗುತ್ತದೆ. ನಕ್ಷೆಗಾರ ಎದ್ದು ನಿಂತ. "ತಿಂಗಳೊಳಗೆ ಈ ಬೈಕಲ್ಲೇ ಇಬ್ಬರೂ ನಿಮ್ಮನೆ ಬಾಗಿಲಿಗೆ ಬರ್ತೀವಿ. ಬರದಿದ್ರೆ ನಿಮ್ಮ ಕಾರು ತಗೋತೀನಿ," ಎಂದುಬಿಟ್ಟ.

ಕಾರ್ಖಾನೆಯಲ್ಲಿ ಅವನ ಕೆಲಸ ಬೇರೆಯವರ ತಲೆಯಲ್ಲಿ ಹುಟ್ಟಿದ ಇಂಜಿನ್ನುಗಳಿಗೆ ಗೆರೆ ಎಳೆಯುವುದು. ಈಗ ತನ್ನ ತಲೆಗೇ ಹುಳ ಬಿಟ್ಟುಕೊಂಡ. ರೋಗವೇನೋ ಗೊತ್ತಿತ್ತು: ಸಿಲಿಂಡರಿನೊಳಗೆ ಮೇಲಕ್ಕೂ ಕೆಳಕ್ಕೂ ಓಡಾಡುವ ಪಿಸ್ಟನ್ನು ಏರಿನ ಬಿಸಿಗೆ ಊದಿಕೊಂಡು ಗೋಡೆಯನ್ನು ಕಚ್ಚಿಕೊಳ್ಳುತ್ತಿತ್ತು. ಸಣ್ಣದು ಮಾಡಿದರೆ ತಣ್ಣಗಿರುವಾಗ ಲಟಲಟ ಎನ್ನುತ್ತದೆ. ಅದಕ್ಕೇ ಅವನು, ಹೆಚ್ಚು ಊದುವ ಕಡೆ ಕೂದಲೆಳೆಯಷ್ಟು ತೇಯಿಸಿ, ತುಸು ಮೊಟ್ಟೆಯಾಕಾರದ ಪಿಸ್ಟನ್ ಮಾಡಿಸಿ ತಂದ. ಬಿಸಿಯೇರಿದಾಗ ಅದು ಊದಿ ಸರಿಯಾಗಿ ದುಂಡಗಾಗಬೇಕು.

"ಮೊದಲೇ ದುಂಡಗೆ ಮಾಡಿಸಬಾರದಿತ್ತಾ?" ಎಂದಳು ಹೆಂಡತಿ.

"ಮೊದಲೇ ದುಂಡಗಿದ್ರೆ ಬಿಸಿಯಾದಾಗ ಕೆಡುತ್ತೆ ಕಣೇ. ಇದು ಬಿಸಿಯಾದಷ್ಟೂ ಸರಿಹೋಗುತ್ತೆ."

"ಹಾಗಾದ್ರೆ ನಿಮಗೆ ತದ್ವಿರುದ್ಧ ಅನ್ನಿ."

ಪಿಸ್ಟನ್ನಿಗೆ ಪಿನ್ನು ಕೂರಿಸುವ ಮಹಾಕಾರ್ಯ ಅಡುಗೆಮನೆಯಲ್ಲೇ ನೆರವೇರಿತು. ಪಿನ್ನು ಕುಗ್ಗಲೆಂದು ಫ್ರಿಜ್ಜಿನ ಮಂಜಿನೊಳಗೆ; ಪಿಸ್ಟನ್ನು ಹಿಗ್ಗಲೆಂದು ಒಲೆಯ ಮೇಲಿನ ಎಣ್ಣೆಯೊಳಗೆ.

"ಅದು ನಾನು ಕರಿಯೋ ಎಣ್ಣೆ."

"ನಾನೂ ಕರೀತಾನೇ ಇದ್ದೀನಿ."

"ಕೆಂಪಗಾದ ಮೇಲೆ ಹೇಳಿ, ತಟ್ಟೆ ಹಾಕ್ತೀನಿ."

ಹಾಗೆ ಗೊಣಗುತ್ತಲೇ ಅವಳು ಇಕ್ಕಳದಲ್ಲಿ ಪಿಸ್ಟನ್ ಎತ್ತಿ ಹಿಡಿದಳು. ಪಿನ್ನು ಒಂದೇ ನೂಕಿಗೆ ನುಣ್ಣಗೆ ಒಳಗೆ ಹೋಯಿತು. ನಕ್ಷೆಗಾರನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. (ಅಂದಿನ ಪಲ್ಯಕ್ಕೆ ಗ್ರೀಸಿನ ವಾಸನೆಯಿತ್ತು. ಅವನು ಎರಡು ಸಲ ಹಾಕಿಸಿಕೊಂಡು ಹೊಗಳಿದ.)

ಭಾನುವಾರ ದಂಡಯಾತ್ರೆ ಹೊರಟಿತು. ತಿರುವಿನಲ್ಲಿ ಗೇರು ಬದಲಿಸಲು ತುಸು ನಿಧಾನಿಸಿದ, ಅಷ್ಟೆ. ಇಂಜಿನ್ ಕೆಮ್ಮಲೂ ಇಲ್ಲ, ನರಳಲೂ ಇಲ್ಲ. ತಿರುವಿನಾಚೆ ಕಾರಿನ ಪಕ್ಕದಲ್ಲಿ ಕಾಯುತ್ತಿದ್ದ ಷಡ್ಡಕ ಎರಡೂ ಕೈ ಬೀಸಿ ಏನೋ ಕೂಗಿದ. ಸೋತವರು ಹೀಗೆಲ್ಲ ಆಡುವುದು ಸಹಜವೆಂದುಕೊಂಡು ನಕ್ಷೆಗಾರ ರಾಜಗಾಂಭೀರ್ಯದಿಂದ ತಲೆಯಾಡಿಸಿ ಮುಂದೆ ಹೋದ. ದಾರಿಯುದ್ದಕ್ಕೂ ಹಿಂದಿದ್ದವಳಿಗೆ ಪಿಸ್ಟನ್ನಿನ ಮಹಿಮೆಯನ್ನು ವಿವರಿಸುತ್ತಲೇ ಅತ್ತಿಗೆಯ ಬಾಗಿಲಲ್ಲಿ ಬೈಕು ನಿಲ್ಲಿಸಿದ.

ಅತ್ತಿಗೆ ಹೊರಗೆ ಬಂದು, "ನನ್ನ ತಂಗಿ ಎಲ್ಲಿ?" ಎಂದಳು.

ಅವನು ತಿರುಗಿ ನೋಡಿದ. ಹಿಂದಿನ ಸೀಟು ಬರಿದಾಗಿತ್ತು.

ದಿಬ್ಬ ಇಳಿದು ತಿರುವಿಗೆ ಬಂದಾಗ ಹೆಂಡತಿ ಕಟ್ಟೆಯ ಮೇಲೆ ಕೂತಿದ್ದಳು. "ಗಾಡಿ ನಿಧಾನ ಆಯ್ತು, ಇಳಿದೆ. ಯಾವಾಗ್ಲೂ ಇಲ್ಲೇ ತಾನೇ ಇಳಿಯೋದು?"

"ಖಾಲಿ ಗಾಡಿನ ನಾನು ತಳ್ಳಿಕೊಂಡೇ ಹತ್ತಿಸ್ತೀನಿ," ಎಂದ ಷಡ್ಡಕ. "ಇದು ಲೆಕ್ಕಕ್ಕಿಲ್ಲಪ್ಪ. ನಡಿ, ಕಾರಿನ ಕೀಲಿ ಕೊಡ್ತೀನಿ."

ಅಷ್ಟರಲ್ಲಿ ಹೆಂಡತಿ ಎದ್ದು ಬಂದು ಹಿಂದೆ ಕೂತಳು. "ಕೆಳಗಿಂದ ಶುರು ಮಾಡಿ. ಭಾವ ಕಣ್ಣಾರೆ ನೋಡ್ಲಿ. ನಾನೀಗ ನಿಮ್ಮನ್ನ ಬಿಗಿಯಾಗಿ ಹಿಡ್ಕೊಂಡಿದ್ದೀನಿ."

ಬೈಕು ಬುಡದಿಂದ ಹೊರಟು, ಗುಂಯ್ ಎನ್ನುತ್ತ ತಿರುವು ದಾಟಿ, ಷಡ್ಡಕನ ತೆರೆದ ಬಾಯಿಯ ಮುಂದೆ ಹಾದು, ಇಬ್ಬರನ್ನೂ ಹೊತ್ತು ನೆತ್ತಿಗೇರಿತು. ಷಡ್ಡಕ ಬಂದು ಕೈ ಕುಲುಕಿದ. ನಕ್ಷೆಗಾರನ ಕಾಲು ಆ ದಿನವಿಡೀ ನೆಲದ ಮೇಲಿರಲಿಲ್ಲ.

ಮನೆಗೆ ಮರಳಿದ ಮೇಲೆ ನೋಡಿದರೆ ಹೆಂಡತಿಯ ಮುಖ ಸಪ್ಪಗಿತ್ತು. "ಹತ್ತಿತು ತಾನೇ? ಇನ್ನೇನು?" ಎಂದು ಕೇಳಿದ.

"ಹತ್ತಿತು, ನಂಗೂ ಖುಷಿಯೇ. ಆದ್ರೆ ಆ ಕಟ್ಟೆ ಹತ್ರ ಇಂಜಿನ್ ಬಿಸಿ ಅಂತ ನೀವು ಅದನ್ನ ಮುಟ್ಟೋ ಹಾಗಿರ್ಲಿಲ್ಲ. ಬೇರೆ ದಾರಿ ಇಲ್ದೆ ನನ್ನ ಜೊತೆ ಮಾತಾಡ್ತಿದ್ರಿ. ವಾರಕ್ಕೆ ಅದೊಂದಿತ್ತು. ಅದನ್ನೂ ರಿಪೇರಿ ಮಾಡಿಬಿಟ್ರಿ."

ಪಿಸ್ಟನ್ ಕಚ್ಚಿಕೊಂಡ ಇಂಜಿನ್ನಿನಂತೆ ಅವನು ಕೂತಲ್ಲೇ ಕೂತ.

ಮುಂದಿನ ಭಾನುವಾರ ಬೈಕು ಗುನುಗುತ್ತ ತಿರುವಿಗೆ ಬಂತು. ನಕ್ಷೆಗಾರ ತಾನೇ ಕೀಲಿ ತಿರುಗಿಸಿ ಅದನ್ನು ಆರಿಸಿದ. ಹೆಂಡತಿ ಏನೂ ಕೇಳದೆ ಇಳಿದಳು. ಇಂಜಿನ್ ಪೂರ್ತಿ ತಣ್ಣಗಾದರೂ ಇಬ್ಬರ ಮಾತು ಮುಗಿಯಲಿಲ್ಲ. ಕೊನೆಗೆ ಮೇಲಿನಿಂದ ಕಾರು ಬಂದೇ ಬಂತು. ಷಡ್ಡಕನ ಮುಖ ಊರಗಲ ಅರಳಿತ್ತು.

"ಮತ್ತೆ ನಿಂತುಹೋಯ್ತಾ?"

ಮೊಟ್ಟೆಯಾಕಾರ, ಕೂದಲೆಳೆ, ಬಿಸಿಯ ಲೆಕ್ಕ, ಎಲ್ಲವೂ ನಕ್ಷೆಗಾರನ ನಾಲಿಗೆಯ ತುದಿಗೆ ಬಂದವು. ಅವನು ಎಲ್ಲವನ್ನೂ ನುಂಗಿಕೊಂಡ.

"ಹೂಂ. ನಿಂತುಹೋಯ್ತು."

"ನಂಗೊತ್ತಿತ್ತು. ಅವತ್ತು ಹತ್ತಿದ್ದು ಬರೀ ಅದೃಷ್ಟ. ಬನ್ನಿ, ಕಾರು ಹತ್ತಿ."

ಹೆಂಡತಿ ಬೈಕಿನ ಇಂಜಿನ್ನಿನ ಮೇಲೆ ಅಂಗೈ ಊರಿಕೊಂಡೇ ಹೇಳಿದಳು: "ನೀವು ಹೋಗಿರಿ ಭಾವ. ಇದಿನ್ನೂ ಆರಿಲ್ಲ."