ಶಿಕಾರಿಪುರಕ್ಕೆ ರೈಲಿನ ದಾರಿ

ಚಟ ಹತ್ತಬೇಕಾದರೆ ಚಟದ ವಸ್ತು ಕೈಗೆಟುಕುವಷ್ಟು ಹತ್ತಿರ ಇರಬೇಕು ಎಂದು ಎಲ್ಲರೂ ತಿಳಿದಿದ್ದಾರೆ. ಇಸ್ಪೀಟಿನವನಿಗೆ ಎಲೆ ಬೇಕು, ನಶ್ಯದವನಿಗೆ ಡಬ್ಬಿ ಬೇಕು. ನನ್ನ ಚಟಕ್ಕೆ ಈ ನಿಯಮ ಹೊಂದುವುದಿಲ್ಲ. ನನಗೆ ಹತ್ತಿದ್ದು ರೈಲಿನ ಚಟ, ನಾನಿರುವುದು ಶಿರಸಿಯಲ್ಲಿ. ಶಿರಸಿಗೆ ರೈಲಿಲ್ಲ. ಸಿದ್ದಾಪುರಕ್ಕೂ ಇಲ್ಲ, ಯಲ್ಲಾಪುರಕ್ಕೂ ಇಲ್ಲ. ರೈಲಿರುವ ಊರಿನವರಿಗೆ ಅದರ ಮೇಲೆ ಪ್ರೀತಿ ಇರುವುದನ್ನು ನಾನು ಕಂಡಿಲ್ಲ. ಹುಬ್ಬಳ್ಳಿಯಲ್ಲಿ ಸ್ಟೇಶನ್ನಿನ ಬೆನ್ನಿಗೇ ಮನೆ ಮಾಡಿಕೊಂಡಿರುವ ನನ್ನ ಸೋದರಮಾವನನ್ನು ಕೇಳಿದರೆ ರೈಲೆಂದರೆ ಹಗ್ಗಕ್ಕೆ ಹಾಕಿದ ಧೋತರವನ್ನು ಕಪ್ಪು ಮಾಡುವ ಒಂದು ಪೀಡೆ, ಅಷ್ಟೇ. ಪ್ರೀತಿ ಏನಿದ್ದರೂ ನಮ್ಮಂಥ ಇಲ್ಲದವರದು. ಈ ಪ್ರೀತಿ ಮನುಷ್ಯನ ಮನಸ್ಸನ್ನು ದೊಡ್ಡದು ಮಾಡುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ನಂಬುವುದಿಲ್ಲ. ಯಾಕೆಂದು ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಾಚಿಕೆ ಆಗಬೇಕಾಗಿದ್ದ ಹೊತ್ತಿನಲ್ಲಿ ಆಗಲಿಲ್ಲವಾದ್ದರಿಂದ ಈಗಲಾದರೂ ಆಗಲಿ.

ಹುಚ್ಚರು ಮೂವರಿದ್ದೆವು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ ನಾನು. ಪೋಸ್ಟಾಫೀಸಿನಲ್ಲಿ ತಂತಿ ಬಡಿಯುವ ಹೆಗಡೆ. ಬಸ್ ಸ್ಟ್ಯಾಂಡಿನಲ್ಲಿ ಟಿಕೀಟು ಹರಿಯುವ ಏಜೆಂಟ ಕಾಮತ. ಇವರಲ್ಲಿ ಕಾಮತನದೇ ವಿಚಿತ್ರ. ಹಗಲೆಲ್ಲ ಬಸ್ಸಿನ ಅನ್ನ ಉಂಡು ಸಂಜೆ ಬಸ್ಸಿಗೇ ಶಾಪ ಹಾಕುವ ಪ್ರಾಣಿ ಅದು. ಬಸ್ಸನ್ನು ಅವನು ಡಬ್ಬ ಎಂದೇ ಕರೆಯುತ್ತಿದ್ದ. ಸಂಜೆ ಶಾಲೆ ಬಿಟ್ಟ ಮೇಲೆ ಅವನ ಬುಕಿಂಗ್ ಕಿಟಕಿಯ ಹಿಂದಿನ ಬೆಂಚಿನಲ್ಲಿ ನಮ್ಮ ಸಭೆ ಸೇರುತ್ತಿತ್ತು. ಕಿಟಕಿಯ ಆಚೆ ಜನ ಮುಂಡಿಗೆಸರದ ಬಸ್ಸು ಬಂತೇ ಎಂದು ಕೂಗುತ್ತಿದ್ದರೆ ಈಚೆ ನಾವು ಬೀರೂರು ಜಂಕ್ಷನ್ನಿನಲ್ಲಿ ಯಾವ ಗಾಡಿ ಯಾವುದಕ್ಕೆ ಕಾಯಬೇಕು ಎಂದು ತೀರ್ಮಾನ ಮಾಡುತ್ತಿದ್ದೆವು. ಬೀರೂರನ್ನು ಮೂವರಲ್ಲಿ ಯಾರೂ ಕಂಡಿರಲಿಲ್ಲ.

ತಿಂಗಳಿಗೊಂದು ಭಾನುವಾರ ಸಿದ್ದಾಪುರದ ಮೇಲೆ ಹಾದು ತಾಳಗುಪ್ಪಕ್ಕೆ ಹೋಗುವುದು ನಮ್ಮ ಯಾತ್ರೆ. ಶಿವಮೊಗ್ಗದಿಂದ ಬರುವ ಗಾಡಿಗೆ ಅದು ಕೊನೆಯ ನಿಲ್ದಾಣ. ಅಲ್ಲಿಂದ ಮುಂದೆ ಹಳಿಯಿಲ್ಲ. ಗಾಡಿ ಬಂದು ನಿಂತ ಮೇಲೆ ಎಂಜಿನ್ನು ಡಬ್ಬಿಗಳಿಂದ ಕಳಚಿಕೊಂಡು ಪಕ್ಕದ ಹಳಿಯ ಮೇಲೆ ಹಿಂದೆ ಸರಿದು ಇನ್ನೊಂದು ತುದಿಗೆ ಸೇರಿಕೊಳ್ಳುತ್ತದೆ. ಆ ಗಂಭೀರ ನಡಿಗೆಯನ್ನು ನೋಡಲು ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವು. ನೋಡಿ, ಸ್ಟೇಶನ್ನಿನ ಗಡಿಯಾರಕ್ಕೆ ನಮ್ಮ ಕೈಗಡಿಯಾರ ಸರಿಮಾಡಿಕೊಂಡು, ಬಂದ ಬಸ್ಸಿಗೇ ತಿರುಗಿ ಬರುತ್ತಿದ್ದೆವು. ಆಮೇಲೆ ಒಂದು ವಾರ ಶಿರಸಿಯ ಯಾವ ಗಡಿಯಾರವೂ ನಮ್ಮ ಕಣ್ಣಿಗೆ ಗಡಿಯಾರವಾಗಿ ಕಾಣುತ್ತಿರಲಿಲ್ಲ. ಮನೆಯ ಎದುರಿನವರು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುತ್ತಿದ್ದರು. ತಾಳಗುಪ್ಪಕ್ಕೆ ಎನ್ನುತ್ತಿದ್ದೆ. ಯಾರಾದರೂ ಬರುವವರಿದ್ದರೋ? ಇಲ್ಲ. ಯಾರನ್ನಾದರೂ ಕಳಿಸುವುದಿತ್ತೋ? ಇಲ್ಲ. ಮುಂದೆ ಅವರು ಕೇಳುತ್ತಿರಲಿಲ್ಲ, ನನ್ನ ಹೆಂಡತಿ ನೀಲಮ್ಮನ ಕಡೆ ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು.

ರಾಜ್ಯಗಳು ಒಂದಾದ ಹೊಸತು. ಅಲ್ಲಿಯವರೆಗೆ ನಾವು ಮುಂಬೈಯವರು, ತಾಳಗುಪ್ಪ ಮೈಸೂರಿನದು. ಸಿದ್ದಾಪುರದಿಂದ ಹದಿನೈದು ಮೈಲಿಯೂ ದೂರವಿಲ್ಲದ ರೈಲು ಬೇರೆ ಸರಕಾರದ ರೈಲಾಗಿತ್ತು. ಈಗ ಎಲ್ಲ ನಮ್ಮದೇ ಆಯಿತಲ್ಲ, ಹಳಿ ಇನ್ನೇನು ಶಿರಸಿಗೆ ಬಂದೇ ಬಿಟ್ಟಿತು ಎಂದು ನಾವು ಅರ್ಜಿಗಳನ್ನು ಬರೆದೆವು. ಅರ್ಜಿಯ ಭಾಷೆ ನನ್ನದು, ನಕಾಶೆ ನನ್ನದು, ಅಂಚೆಗೆ ಹಾಕುವವನು ಹೆಗಡೆ. ಉತ್ತರ ಬಂದರೆ ಮೊದಲು ಅವನ ಕೈಗೇ ಬರಬೇಕಾಗಿದ್ದುದರಿಂದ ಬರಲಿಲ್ಲ ಎಂಬುದರಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ.

ರೈಲು ಸಿಗದವರಿಗೆ ರೈಲಿನ ಟೈಮ್‌ಟೇಬಲ್ಲಾದರೂ ಸಿಗುತ್ತಿತ್ತು. ಹೊಸ ಪುಸ್ತಕ ಬಂದಾಗ ಅದನ್ನು ಪುರಾಣ ಓದಿದ ಹಾಗೆ ಸರದಿಯ ಮೇಲೆ ಓದುತ್ತಿದ್ದೆವು. ಒಬ್ಬ ಓದುವುದು, ಇಬ್ಬರು ತಲೆದೂಗುವುದು. ಇಲ್ಲಿಯೇ ನೋಡಿ ನಮ್ಮ ರೋಗದ ಬೇರು ಇದ್ದದ್ದು. ರೈಲಿರುವ ಊರಿನ ಮನುಷ್ಯ ಪುಸ್ತಕ ಓದುವುದಿಲ್ಲ, ಸ್ಟೇಶನ್ನಿಗೆ ಹೋಗಿ ಗಾಡಿ ಬಂದಾಗ ಹತ್ತುತ್ತಾನೆ. ಎರಡು ಇಪ್ಪತ್ತಕ್ಕೆ ಎಂದು ಬರೆದಿದ್ದರೆ ಎರಡು ಇಪ್ಪತ್ತಕ್ಕೇ ಬರುತ್ತದೆ ಎಂದು ನಂಬುವುದು ರೈಲಿಲ್ಲದ ಊರಿನವನಿಗೆ ಮಾತ್ರ ಸಾಧ್ಯ. ನಾವು ಮೂವರೂ ಹಾಗೆ ನಂಬಿದವರು.

ಒಂದು ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮೊದಲೇ ಹೆಗಡೆ ನಮ್ಮ ಮನೆಗೆ ಬಂದ. ತಂತಿಯನ್ನು ಆಳಿನ ಕೈಗೆ ಕೊಡದೆ ಸ್ವತಃ ತಂದಿದ್ದ. ಶಿಕಾರಿಪುರದಿಂದ ನೀಲಮ್ಮನ ತಮ್ಮ ಬಸವರಾಜ ಹೊಡೆದ ತಂತಿ: ತಂದೆಗೆ ಬಹಳ ಜೋರಾಗಿದೆ, ಕೂಡಲೇ ಹೊರಡಿ. ನೀಲಮ್ಮ ಒಲೆಗೆ ನೀರು ಹಾಕಿ, ಸೀರೆ ಬದಲಿಸಿ, ಹತ್ತು ನಿಮಿಷದಲ್ಲಿ ಗಂಟು ಕಟ್ಟಿ ಬಾಗಿಲಿಗೆ ಬಂದಳು. ತಾಯಿ ಇಲ್ಲದ ಅವಳನ್ನು ಅಪ್ಪನೇ ತಲೆ ಬಾಚಿ ಬೆಳೆಸಿದ್ದು. ಆ ಹತ್ತು ನಿಮಿಷ ಜಗಲಿಯಲ್ಲಿ ನಾವಿಬ್ಬರು ಏನು ಮಾಡುತ್ತಿದ್ದೆವು ಎಂದರೆ, ತಂತಿಯ ಲಕೋಟೆಯ ಬೆನ್ನ ಮೇಲೆ ಹೆಗಡೆ ಪೆನ್ಸಿಲಿನಿಂದ ಲೆಕ್ಕ ಹಾಕುತ್ತಿದ್ದ, ನಾನು ಬಗ್ಗಿ ನೋಡುತ್ತಿದ್ದೆ. ನಾವು ಯಾವಾಗಲೂ ಹೋಗುತ್ತಿದ್ದ ದಾರಿ ಬನವಾಸಿ, ಸೊರಬದ ಮೇಲಿನ ಬಸ್ಸಿನದು. ಅದು ಸಂಜೆ ನಾಲ್ಕು ಗಂಟೆಗೆ ಮುಟ್ಟಿಸುತ್ತದೆ. ಅದರ ಬದಲು ತಾಳಗುಪ್ಪಕ್ಕೆ ಹೋಗಿ ರೈಲು ಹತ್ತಿ, ಸಾಗರ ದಾಟಿ ಆನಂದಪುರದಲ್ಲಿಳಿದರೆ ಅಲ್ಲಿ ಶಿಕಾರಿಪುರದ ಬಸ್ಸು. ಮೂರೂವರೆಗೆ ಮನೆಯಲ್ಲಿ.

“ಅರ್ಧ ತಾಸು ಉಳೀತು ಮಾಸ್ತರೆ,” ಎಂದ ಹೆಗಡೆ. “ಇಂಥಾ ಹೊತ್ತಲ್ಲಿ ಅರ್ಧ ತಾಸು ಅಂದ್ರೆ ಸಣ್ಣ ಮಾತಲ್ಲ.”

ಅವನು ಸುಳ್ಳು ಹೇಳಲಿಲ್ಲ. ನನ್ನ ಹೆಂಡತಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಸುಳ್ಳು ನನ್ನೊಳಗೆ ಇತ್ತು. ತಾಳಗುಪ್ಪದಿಂದ ಸಾಗರದವರೆಗೆ ನಾನು ಎರಡು ಸಲ ರೈಲಿನಲ್ಲಿ ಹೋಗಿದ್ದೆ. ಸಾಗರದಿಂದ ಆಚೆಗೆ ಹೋಗಿರಲಿಲ್ಲ. ಲಕೋಟೆಯ ಮೇಲೆ ಆನಂದಪುರ ಎಂದು ಬರೆದದ್ದನ್ನು ಕಂಡಾಗ ನನ್ನ ಎದೆ ಹಾರಿದ್ದು ಮಾವನವರ ನೆನಪಿನಿಂದಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹೆಗಡೆಯೂ ಸೇರಿ ಬಸ್ ಸ್ಟ್ಯಾಂಡಿಗೆ ಬಂದಾಗ ಸೊರಬದ ಬಸ್ಸು ನಿಂತೇ ಇತ್ತು. ಕಂಡಕ್ಟರು ಬನವಾಸಿ, ಸೊರಬ ಎಂದು ಕೂಗುತ್ತಿದ್ದ. ಮುಂದಿನ ಸೀಟು ಖಾಲಿ ಇತ್ತು. ನೀಲಮ್ಮ ನೇರ ಅದರ ಕಡೆಗೇ ನಡೆದಳು. ಕಾಮತ ಕಿಟಕಿಯಿಂದ ಕುತ್ತಿಗೆ ಹೊರಗೆ ಚಾಚಿ, ವಹಿನಿ, ಆ ಡಬ್ಬದಲ್ಲಿ ಎಂತಕ್ಕೆ ಹೋಗ್ತೀರಿ, ರೈಲಿದೆ ಎಂದ. ತನ್ನ ಬಸ್ಸಿಗೆ ಬಂದ ಗಿರಾಕಿಯನ್ನು ಇಳಿಸಿ ರೈಲಿಗೆ ಕಳಿಸುವ ಏಜೆಂಟ ಭೂಮಂಡಲದಲ್ಲಿ ಅವನೊಬ್ಬನೇ ಇರಬೇಕು. ನಾನು ಲಕೋಟೆ ತೋರಿಸಿ ಅವಳಿಗೆ ವಿವರಿಸಿದೆ. ಅವಳು ಲಕೋಟೆ ನೋಡಲಿಲ್ಲ.

“ಇದಕ್ಕ ಹೋಗಾಣ್ರಿ,” ಎಂದಳು. “ಗೊತ್ತಿರೋ ದಾರಿ.”

ಮೂವರು ತಿಳಿದವರು ಒಂದು ಮಾತು ಹೇಳುವಾಗ ಒಬ್ಬ ಹೆಂಗಸು ಏನು ಮಾಡಬೇಕು? ಸೊರಬದ ಬಸ್ಸು ನಮ್ಮೆದುರಿಗೇ ಹೊರಟಿತು. ನಾವು ತಾಳಗುಪ್ಪದ ದಾರಿ ಹಿಡಿದೆವು.

ರೈಲು ಸರಿಯಾದ ಹೊತ್ತಿಗೇ ಹೊರಟಿತು. ನಾನು ಗಡಿಯಾರ ನೋಡಿ ನೀಲಮ್ಮನಿಗೆ ತೋರಿಸಿದೆ. ಅವಳು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು, ಅದನ್ನು ಮೇಲಿನ ಹಲಗೆಗೆ ಇಡಲು ಬಿಡಲಿಲ್ಲ. ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಎಂಜಿನ್ನಿನ ಕಡೆ ಮುಖ ಮಾಡಿ ಕುಳಿತರೆ ಕಲ್ಲಿದ್ದಲ ಪುಡಿ ಬೀಳುತ್ತದೆ, ಈಚೆ ಬಾ, ಬೆನ್ನು ಮಾಡಿ ಕೂತುಕೋ ಎಂದು ನಾನು ಹೇಳಿದೆ. ಶಾಲೆಯಲ್ಲಿ ಹುಡುಗರಿಗೆ ದಡ್ಡಶಿಖಾಮಣಿ ಎಂಬ ಬಿರುದನ್ನು ಧಾರಾಳವಾಗಿ ಹಂಚುವವನು ನಾನು. ನನಗೆ ಅದನ್ನು ಕೊಡುವವರು ಆ ಡಬ್ಬಿಯಲ್ಲಿ ಯಾರೂ ಇರಲಿಲ್ಲ. ನೀಲಮ್ಮ ಹೂಂ ಎಂದಳು, ಕುಳಿತಲ್ಲಿಂದ ಏಳಲಿಲ್ಲ.

ಸಾಗರದಲ್ಲಿ ಎಂಜಿನ್ನು ನೀರು ಕುಡಿಯಲು ನಿಂತಿತು, ನಿಂತದ್ದು ನಿಂತೇ ಇತ್ತು. ಎದುರಿನಿಂದ ಬರುವ ಗಾಡಿಗೆ ಕಾಯುವುದಂತೆ. ನಮ್ಮ ಎದುರು ಕುಳಿತಿದ್ದ ಬೆಲ್ಲದ ವ್ಯಾಪಾರಿಯೊಬ್ಬ ಎಲ್ಲಿಗೆ ಎಂದು ಕೇಳಿದ. ಹೇಳಿದೆ. ಆತ ಹಣೆ ಬಡಿದುಕೊಂಡ. ಇಲ್ಲೇ ಇಳಿದುಬಿಡ್ರಿ, ಪ್ಯಾಟಿಯೊಳಗ ಶಿಕಾರಿಪುರದ ಬಸ್ಸು ಸಿಕ್ಕರೂ ಸಿಕ್ಕೀತು. ಆನಂದಪುರದಾಗ ಆ ಬಸ್ಸು ಯಾರಪ್ಪಗೂ ಕಾಯೂದಿಲ್ಲ, ರೈಲು ಎಂದೂ ಹೊತ್ತಿಗೆ ಬರೂದಿಲ್ಲ ಅಂತ ಅದಕ್ಕೂ ಗೊತ್ತೈತಿ ಎಂದ. ನೀಲಮ್ಮ ಗಂಟು ಹಿಡಿದು ಎದ್ದೇ ಬಿಟ್ಟಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಆನಂದಪುರದಲ್ಲಿ ಹದಿನೈದು ನಿಮಿಷ ಇದೆ, ಪುಸ್ತಕದಲ್ಲಿದೆ ಎಂದೆ. ವ್ಯಾಪಾರಿ ನನ್ನ ಮುಖ ನೋಡಿ, ಯಾವ ಊರಿನವರು ತಾವು ಎಂದು ಕೇಳಿದ. ಶಿರಸಿ ಎಂದೆ. ಓಹೋ, ಹಾಗನ್ನಿ ಎಂಬಂತೆ ತಲೆಯಾಡಿಸಿ ಅವನು ಎಲೆಯಡಿಕೆ ಚೀಲ ಬಿಚ್ಚಿದ. ರೈಲು ಹೊರಟಿತು. ಸಾಗರದ ಆಚೆಯ ತಿರುವುಗಳಲ್ಲಿ ಕಿಟಕಿಯಿಂದ ಬಗ್ಗಿದರೆ ಎಂಜಿನ್ನು ಪೂರ್ತಿ ಕಾಣುತ್ತದೆ. ನಾನು ಆನಂದಪುರದ ತನಕವೂ ಬಗ್ಗಿಕೊಂಡೇ ಇದ್ದೆ.

ಆನಂದಪುರದಲ್ಲಿ ಬಸ್ಸು ಹೋಗಿ ಆಗಿತ್ತು. ಮುಂದಿನದು ಸಂಜೆಗೆ ಎಂದರು. ನೀಲಮ್ಮ ಸ್ಟೇಶನ್ನಿನ ಹೊರಗೆ ರಸ್ತೆಯ ಅಂಚಿಗೆ ನಿಂತು, ಎಂದೂ ಪರಗಂಡಸಿನ ಎದುರು ತಲೆಯೆತ್ತಿ ಮಾತಾಡದವಳು, ಹೋಗುವ ಒಂದೊಂದು ಗಾಡಿಗೂ ಕೈ ಅಡ್ಡ ಹಿಡಿದಳು. ಕೊನೆಗೆ ಭತ್ತದ ಲಾರಿಯೊಂದು ನಿಂತಿತು. ನಾವು ಶಿಕಾರಿಪುರ ಮುಟ್ಟಿದಾಗ ಹೊತ್ತು ಮುಳುಗಲು ಸ್ವಲ್ಪವೇ ಉಳಿದಿತ್ತು. ಮನೆಯ ಅಂಗಳದಲ್ಲಿ ಜನ ಕೈಕಾಲು ತೊಳೆಯುತ್ತಿದ್ದರು. ಮಣ್ಣು ಮುಗಿಸಿಕೊಂಡು ಆಗತಾನೇ ಬಂದಿದ್ದರು.

ಮಾವನವರು ಹೋದದ್ದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಯಾವ ದಾರಿಯಿಂದ ಬಂದಿದ್ದರೂ ಜೀವ ಇರುವಾಗ ಸಿಗುತ್ತಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಮುಖ ಸಿಗುತ್ತಿತ್ತು. ವಿಭೂತಿ ಹಚ್ಚಿ, ಹೂವು ಹಾಕಿ ಕೂರಿಸಿ, ಮಗಳು ಬರಲಿ ಎಂದು ನಾಲ್ಕು ಗಂಟೆಯ ತನಕ ಕಾದಿದ್ದರು. ಶಾಸ್ತ್ರಕ್ಕೆ ಬಂದಿದ್ದ ಅಯ್ಯನವರು ಹೊತ್ತಾಯಿತು ಎಂದು ಅವಸರ ಮಾಡಿದರೂ ಬಸವರಾಜ ಒಪ್ಪಿರಲಿಲ್ಲ.

“ಸೊರಬದ ಬಸ್ಸಿಗೆ ನಾನೇ ಹೋಗಿ ನಿಂತಿದ್ದೆ ಭಾವಾರ,” ಎಂದ ಅವನು. “ಎಲ್ಲಾರೂ ಇಳಿದ್ರು. ನೀವು ಇರಲಿಲ್ಲ. ಅಕ್ಕ ಬರಾದಿಲ್ಲ ಅಂತ ತಿಳಕಂಡು ಎತ್ತಿಬಿಟ್ವಿ. ಯಾಕ್ರೀ ತಡ ಆತು?”

ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಅಷ್ಟೂ ವರ್ಷ ಒಂದೊಂದು ನಿಮಿಷಕ್ಕೂ ಲೆಕ್ಕ ಕೊಡಬಲ್ಲವನೆಂದು ಬೀಗಿದ ನಾನು ಚಪ್ಪಲಿ ಬಿಚ್ಚುವ ನೆವದಲ್ಲಿ ಬಗ್ಗಿದೆ. ಆಗ ನೀಲಮ್ಮ, ಅಳುತ್ತ ನೆಲಕ್ಕೆ ಕುಸಿದಿದ್ದವಳು, ಅಲ್ಲಿಂದಲೇ ಹೇಳಿದಳು.

“ಬಸ್ಸು ತಪ್ಪಿತಪ್ಪಾ ತಮ್ಮಾ. ನಾನೇ ಹೊರಡಾದು ತಡ ಮಾಡಿದೆ.”

ಅವಳು ನನ್ನನ್ನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಊರಿಗೆ ಬಂದ ಮೇಲೂ ಬೈಯಲಿಲ್ಲ. ಎಂದಿನಂತೆ ರೊಟ್ಟಿ ಬಡಿದಳು, ಎಂದಿನಂತೆ ಭಾನುವಾರದ ಬುತ್ತಿ ಕಟ್ಟಿಕೊಟ್ಟಳು. ನಾನು ಆ ಬುತ್ತಿ ತೆಗೆದುಕೊಂಡು ಹೋದೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಹೆಗಡೆ ಮಾತ್ರ ಬಹಳ ನೊಂದುಕೊಂಡ. ಮಾಸ್ತರೆ, ತಪ್ಪು ಎಲ್ಲಾಯ್ತು ಎಂದು ಕೇಳಿದ. ಸಾಗರದಲ್ಲಿ ಎಂದೆ. ಎಷ್ಟು ನಿಮಿಷ ಎಂದ. ಮೂವತ್ತೇಳು ಎಂದೆ. ಆಮೇಲೆ ನಾವು ಮೂವರೂ ಒಂದು ತಾಸು ಆ ಎದುರಿನ ಗಾಡಿ ಎಲ್ಲಿ ತಡವಾಗಿರಬಹುದು ಎಂದು ಚರ್ಚೆ ಮಾಡಿದೆವು. ಮನೆಯಲ್ಲಿ ಬದಲಾದದ್ದು ಒಂದೇ. ತವರಿಗೆ ಹೋಗುವುದಿದ್ದರೆ ನೀಲಮ್ಮ ಬಸ್ಸಿನ ಹೊತ್ತನ್ನು ನನ್ನನ್ನು ಕೇಳುವುದಿಲ್ಲ, ಹಾಲು ಹಾಕುವವಳನ್ನು ಕೇಳುತ್ತಾಳೆ. ಹಾಲಿನವಳಿಗೆ ಗಡಿಯಾರ ನೋಡಲು ಬರುವುದಿಲ್ಲ. ಆದರೂ ಇವಳಿಗೆ ಒಮ್ಮೆಯೂ ಬಸ್ಸು ತಪ್ಪಿಲ್ಲ.

ಮೊನ್ನೆ ಬಸವರಾಜನ ಕಾಗದ ಬಂತು. ಅಪ್ಪನ ಗದ್ದುಗೆಗೆ ಕಲ್ಲು ಹಾಕಿಸುತ್ತಿದ್ದಾನಂತೆ. ಓದಿದ ಅಳಿಯ ನಾನೊಬ್ಬನೇ ಆದ್ದರಿಂದ ಕಲ್ಲಿನ ಮೇಲೆ ಕೆತ್ತಬೇಕಾದ ಬರಹವನ್ನು ನಾನೇ ಬರೆದು ಕಳಿಸಬೇಕಂತೆ: ಹೆಸರು, ಸಂವತ್ಸರ, ಮಾಸ, ತಿಥಿ. ಹೆಸರು ಬರೆದೆ. ಮುಂದೆ ಪೆನ್ನು ಓಡಲಿಲ್ಲ. ಶ್ರಾವಣವೋ ಕಾರ್ತೀಕವೋ, ಪಾಡ್ಯವೋ ಪಂಚಮಿಯೋ, ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಅಕ್ಕಿ ಆರಿಸುತ್ತಿದ್ದ ನೀಲಮ್ಮನನ್ನು ಕೇಳಿದೆ. ಅವಳು ಮೊರದಿಂದ ತಲೆಯೆತ್ತದೆ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವನ್ನೂ ಹೇಳಿದಳು. ನಾನು ಬರೆದುಕೊಂಡೆ. ಇಷ್ಟು ದೊಡ್ಡ ದಿನ ಅದು ಹೇಗೆ ಮರೆತುಹೋಯಿತೋ ನನಗೆ ಎಂದು ನಕ್ಕಂತೆ ಮಾಡಿದೆ.

“ನಿಮಗ ನೆನಪಿರಾದಿಲ್ಲ ಬಿಡ್ರಿ,” ಎಂದಳು. “ಅವತ್ತು ನೀವು ಕಿಟಕಿ ಹೊರಗ ನೋಡಾಕತ್ತಿದ್ರಿ.”

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅವಳು ಮತ್ತೆ ಅಕ್ಕಿಯಲ್ಲಿನ ಕಲ್ಲು ಆರಿಸತೊಡಗಿದಳು. ನನಗೆ ಏನೂ ನೆನಪಿಲ್ಲ ಎಂದು ಅವಳು ತಿಳಿದದ್ದು ಮಾತ್ರ ತಪ್ಪು. ಆ ದಿನದ ಎಂಜಿನ್ನಿನ ನಂಬರು ನನಗೆ ಬಾಯಿಪಾಠ ಇದೆ.