ಮಾವನ ಲಾರಿಯ ಮೆತ್ತಗಿನ ಬ್ರೇಕು

ಗಟ್ಟಿ ಗಂಟಲಿನ ಹೆಂಗಸು ಎಂದು ನಮ್ಮ ಬೀದಿಯಲ್ಲಿ ನನಗೊಂದು ಹೆಸರಿದೆ. ನಾನು ಹಿತ್ತಿಲಲ್ಲಿ ನಿಂತು ಹಾಲಿನವನನ್ನು ಕೂಗಿದರೆ ನಮ್ಮೂರು ಹಗರೆಯ ಬಸ್ ಸ್ಟಾಪಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಾರೆ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಾರೆ. ಇದು ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾಗಿ ಅರಸೀಕೆರೆಯಿಂದ ಈ ಊರಿಗೆ ಬಂದ ಹೊಸದರಲ್ಲಿ ಹುಡುಗಿಗೆ ಮಾತು ಬರುತ್ತದೋ ಇಲ್ಲವೋ ಎಂದು ಅನುಮಾನ ಪಟ್ಟವರೂ ಇದ್ದರು. ನನ್ನ ಗಂಟಲು ತೆರೆದದ್ದು ಒಂದು ಮಿನಿ ಲಾರಿಯ ಬ್ರೇಕಿನ ದೆಸೆಯಿಂದ.

ತೊಂಬತ್ತರ ದಶಕದ ಮಾತು. ನಮ್ಮ ಮಾವನವರು ಊರೂರಿನ ತೆಂಗಿನಕಾಯಿ, ಕೊಬ್ಬರಿ ಸಾಗಿಸುತ್ತಿದ್ದ ಹಳೆಯ ಲಾರಿ ಅದು. ಅದಕ್ಕೆ ಬೇರೆಯವರ ಕೈ ಸೋಕಿದರೆ ಅವರಿಗೆ ಆಗುತ್ತಿರಲಿಲ್ಲ. ಹುಲಿಕೆರೆಯಲ್ಲಿ ನಾದಿನಿಯ ಗೃಹಪ್ರವೇಶ ಗೊತ್ತಾಯಿತು. ಅಡುಗೆಯ ಹಂಡೆ, ಕೊಳಗ, ಜಮಖಾನ ಎಲ್ಲ ನಮ್ಮ ಲಾರಿಯಲ್ಲೇ ಹಿಂದಿನ ದಿನ ಸಂಜೆಯೊಳಗೆ ತಲುಪಬೇಕು, ಇಲ್ಲದಿದ್ದರೆ ಅಲ್ಲಿ ಒಲೆ ಹತ್ತುವುದಿಲ್ಲ. ಮಗಳ ಮನೆಗೆ ಹೋಗುವ ಗಾಡಿ ಚೊಕ್ಕವಾಗಿರಲಿ ಎಂದು ಮಾವ ಅವತ್ತು ಬೆಳಿಗ್ಗೆ ಡಿಕಾಕ್ಷನ್ನಿನಷ್ಟು ಕಪ್ಪಾಗಿದ್ದ ಬ್ರೇಕ್ ಆಯಿಲ್ ಬಸಿದು ಹೊಸದು ಹಾಕಿದರು. ಆಮೇಲೆ ಪೆಡಲ್ ತುಳಿದರೆ ಬಿಸಿ ಇಡ್ಲಿ ಅದುಮಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ಏರ್ ಹಿಡಿದಿದೆ ಎಂದರು. ಪೈಪಿನೊಳಗೆ ಗಾಳಿ ಸೇರಿಕೊಂಡಿತ್ತು.

ಏರ್ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲನ್ನು ತುಳಿದು ತುಳಿದು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹತ್ತಿರದ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲ ಮಾಡಿ, ಗುಳ್ಳೆ ಗುಳ್ಳೆಯಾಗಿ ಆಯಿಲ್ ಬಂದಮೇಲೆ ಮತ್ತೆ ಬಿಗಿ ಮಾಡಬೇಕು. ಬಿಗಿಯಾಗುವ ಮೊದಲೇ ಮೇಲಿನವರು ಕಾಲು ತೆಗೆದರೆ ಹೋದ ಗಾಳಿ ಮರಳಿ ಬರುತ್ತದೆ. ಯಜಮಾನರು ಚಪ್ಪರ ಹಾಕಿಸಲು ಮೊದಲೇ ಹುಲಿಕೆರೆಗೆ ಹೋಗಿದ್ದರು. ಅತ್ತೆಗೆ ಮಂಡಿನೋವು, ಲಾರಿ ಹತ್ತಲಾರರು. ಉಳಿದವಳು ನಾನು.

ಆ ಕಾಲದಲ್ಲಿ ಸೊಸೆ ಮಾವನ ಎದುರು ದನಿ ಎತ್ತುವಂತಿರಲಿಲ್ಲ. ಅವರ ಚಪ್ಪಲಿ ಸದ್ದಾದರೆ ನಾನು ಬಾಗಿಲ ಹಿಂದೆ. ಅವರು ಏನೇ ಕೇಳಲಿ, ಉತ್ತರ ಅತ್ತೆಯ ಮುಖಾಂತರವೇ ಹೋಗಬೇಕು. ಅಂಥ ಮಾವ ಕೆಳಗೆ ಮಲಗಿರುವಾಗ ಮೇಲೆ ಕೂತು ಕಾಲಾಡಿಸುವುದೆಂದರೇನು? ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ತುಳಿದೆ. ಒತ್ತಿ ಹಿಡಿದಿದ್ದೀಯಾ ಎಂದು ಕೆಳಗಿನಿಂದ ಕೇಳಿದರು. ತಲೆಯಾಡಿಸಿದೆ. ಮತ್ತೆ ಕೇಳಿದರು. ಕಿವಿಯ ಓಲೆ ಕುಣಿಯುವ ಹಾಗೆ ಇನ್ನೂ ಜೋರಾಗಿ ತಲೆಯಾಡಿಸಿದೆ.

ಕೊನೆಗೆ ಅತ್ತೆ ನಡುವೆ ನಿಂತು ವೈರ್‌ಲೆಸ್ ಆದರು. ನಾನು ಪಿಸುಗುಟ್ಟಿದ್ದನ್ನು ಅವರು ಬಗ್ಗಿ ಲಾರಿಯ ಕೆಳಗೆ ಹೇಳುವುದು, ಮಾವ ಅಂದದ್ದನ್ನು ಎದ್ದು ನನಗೆ ಮುಟ್ಟಿಸುವುದು. ಬರೀ ಮುಟ್ಟಿಸಿದ್ದರೆ ಆಗುತ್ತಿತ್ತೇನೋ. ಒತ್ತಿದ್ದಾಳೆ ಎನ್ನುವುದರ ಜೊತೆಗೆ ಮಂಡಿನೋವು, ಒಲೆಯ ಮೇಲಿಟ್ಟ ಹಾಲು, ಬೀಗರ ಕೊಂಕು ಎಲ್ಲ ಸೇರಿ ಹೋಗುತ್ತಿತ್ತು. ಬಿಡಬೇಡ ಎನ್ನುವ ಅಪ್ಪಣೆ ನನಗೆ ತಲುಪುವ ಹೊತ್ತಿಗೆ ನಾನು ಕಾಲು ತೆಗೆದು ಮತ್ತೊಮ್ಮೆ ಪೆಡಲಿಗೆ ಕೈಮುಗಿಯುತ್ತಿದ್ದೆ. ಹೊತ್ತು ಇಳಿಯುತ್ತಾ ಬಂತು, ಆಯಿಲ್ ಡಬ್ಬಿ ಅರ್ಧ ಖಾಲಿಯಾಯಿತು, ಪೆಡಲ್ ಮಾತ್ರ ಇಡ್ಲಿಯಾಗಿಯೇ ಇತ್ತು.

ಮಾವ ಹೊರಗೆ ಬಂದು ಟೈರಿಗೊರಗಿ ಕೂತರು. ಮಗಳ ಮನೆಯ ಕೆಲಸಕ್ಕೇ ನಮ್ಮ ಪಾತ್ರೆ ಹೋಗದ ಹಾಗಾಯ್ತಲ್ಲ ಎಂದು ಅತ್ತೆಗೆ ಹೇಳಿದರು. ಆಮೇಲೆ ನನ್ನ ಕಡೆ ನೋಡದೆ ಲಾರಿಯ ಬಾಗಿಲಿಗೆ ಹೇಳುವವರ ಹಾಗೆ ಅಂದರು: "ಅವ್ವಾ, ಕೆಳಗಿದ್ರೆ ನೀನು ನಂಗೆ ಕಾಣಾಕಿಲ್ಲ. ನಿನ್ ಗಂಟ್ಲೇ ನಂಗೆ ಕಣ್ಣು. ಮರ್ಯಾದೆನ ಲಾರಿ ಇಳಿದ್ಮೇಲೆ ಕೊಡುವಂತೆ."

ಮತ್ತೆ ಕೆಳಗೆ ಹೋದರು. ನಾನು ಕಣ್ಣು ಮುಚ್ಚಿ ಪೆಡಲ್ ತುಳಿದು, "ಹಿಡ್ದಿದೀನಿ ಮಾವಾ" ಎಂದು ಕಿರುಚಿದೆ. ಅಂಗಳದ ಕೋಳಿಗಳು ಚೆದುರಿ ಓಡಿದವು, ಎದುರುಮನೆಯವರು ಹೊರಗೆ ಬಂದರು. ಬಿಡು ಎಂದಾಗ ಬಿಟ್ಟೆ, ಹಿಡಿ ಎಂದಾಗ ಹಿಡಿದೆ. ಚಕ್ರದಿಂದ ಚಕ್ರಕ್ಕೆ ಪೆಡಲ್ ಗಟ್ಟಿಯಾಗುತ್ತಾ ಹೋಗಿ ಕಡೆಗೆ ಕಲ್ಲಿನಂತೆ ನಿಂತಿತು. ಹುಲಿಕೆರೆಯ ದಾರಿಯುದ್ದಕ್ಕೂ ಹಿಂದೆ ಹಂಡೆಗಳು ಢಣಢಣ ಅನ್ನುತ್ತಿದ್ದರೆ ಮಾವ ಕಾರಣವಿಲ್ಲದೆ ಬ್ರೇಕ್ ಒತ್ತಿ ಒತ್ತಿ ನಗುತ್ತಿದ್ದರು. ಬ್ರೇಕ್ ಬಿಗಿಯಾಯಿತು, ಸೊಸೆಯ ಬಾಯಿ ಸಡಿಲವಾಯಿತು ಎಂದು ಅತ್ತೆ ಬಹಳ ಕಾಲ ದೂರುತ್ತಿದ್ದರು. ಮನೆಯಲ್ಲಿ ಯಾರಾದರೂ ಮುಖ ಗಂಟು ಹಾಕಿಕೊಂಡರೆ ಮಾವನದು ಒಂದೇ ಮಾತು, ಏರ್ ಹಿಡಿದಿದೆ, ತೆಗೆಯಿರಿ.

ಈಗ ಮಾವನೂ ಇಲ್ಲ, ಅತ್ತೆಯೂ ಇಲ್ಲ. ಲಾರಿ ನಿಲ್ಲುತ್ತಿದ್ದ ಜಾಗದಲ್ಲಿ ನನ್ನ ಸೊಸೆಯ ಸ್ಕೂಟರ್ ನಿಲ್ಲುತ್ತದೆ. ಒಮ್ಮೊಮ್ಮೆ ಅಲ್ಲಿ ಕಸ ಗುಡಿಸುವಾಗ ಆ ಢಣಢಣ ನೆನಪಾಗಿ ಕಣ್ಣು ತುಂಬುತ್ತದೆ. ಮೊನ್ನೆ ಸಾರಿನ ಉಪ್ಪಿನ ವಿಷಯಕ್ಕೆ ನನಗೂ ಸೊಸೆಗೂ ಮಾತು ನಿಂತಿತು. ಅವಳಿಗೆ ಹೇಳಿ ಎಂದು ನಾನು, ಅವರಿಗೆ ಹೇಳಿ ಎಂದು ಅವಳು, ಯಜಮಾನರು ಅಡುಗೆಮನೆಗೂ ರೂಮಿಗೂ ಓಡಾಡುತ್ತಿದ್ದರು, ನಡುವೆ ತಮ್ಮ ಮಂಡಿನೋವನ್ನೂ ಸೇರಿಸುತ್ತಿದ್ದರು, ಥೇಟ್ ಅವರಮ್ಮನ ಹಾಗೆ. ನಿನ್ನೆ ಅವರು ಸಾಕಾಗಿ ಜಗಲಿಯಲ್ಲಿ ಕೂತುಬಿಟ್ಟರು. ಆಗ ರೂಮಿನ ಒಳಗಿನಿಂದ ಸೊಸೆಯೇ ಮೆಲ್ಲಗೆ ಕೇಳಿದಳು, "ಅತ್ತೇ, ಊಟಕ್ಕೆ ಬರ್ಲಾ?"

ಬೀದಿಗೆಲ್ಲ ಕೇಳಿಸುವ ಗಂಟಲು ನನ್ನದು. ಗೋಡೆಯ ಈಚೆ ಒಲೆಯ ಮುಂದೆ ನಿಂತು, ಓಲೆ ಕುಣಿಯುವ ಹಾಗೆ ಜೋರಾಗಿ ತಲೆಯಾಡಿಸಿದೆ.