ಮುಂದಿನ ಬ್ರೇಕ್ ಮಾತ್ರ ಹೊಸದು

ಅಂಬುಜಾ: ಹಾಗಾದ್ರೆ ನಿಮ್ಮ ಸೊಂಟಕ್ಕೆ ಏನೂ ಆಗಿಲ್ಲ?

ಸುಂದರೇಶ: ಇಲ್ಲ ಕಣೇ! ಡಿಸ್ಕ್ ಸವೆದಿರೋದು ಕಾರಿನ ಬ್ರೇಕಿಂದು!

ಅಂಬುಜಾ: ಫೋನಲ್ಲಿ ಏನಂದ್ರಿ? 'ಮಹದೇವನ ಹತ್ರ ಇದೀನಿ, ಎರಡೂ ಡಿಸ್ಕ್ ಹೋಗಿವೆ, ಎತ್ತಿ ನಿಲ್ಲಿಸಿದ್ದಾರೆ' ಅಂತ. ಎತ್ತಿ ನಿಲ್ಲಿಸೋ ಹಾಗಾಯ್ತಾ ಅಂತ ಎದ್ದುಬಿದ್ದು ಬಂದೆ!

ಕುವೆಂಪುನಗರದ ಮಹದೇವನ ಗ್ಯಾರೇಜಿನ ನಡುವೆ, ನೋವಿನೆಣ್ಣೆಯ ಬಾಟಲಿ ಹಿಡಿದುಕೊಂಡು ಅಂಬುಜಾ ನಿಂತಿದ್ದರು. ಸಸ್ಯಶಾಸ್ತ್ರದ ಮೇಷ್ಟ್ರಾಗಿ ನಿವೃತ್ತರಾದ ಅವರ ಯಜಮಾನರು, ಜಾಕಿನ ಮೇಲೆ ಮೂತಿ ಎತ್ತಿಕೊಂಡಿದ್ದ ಹಸಿರು ಬಣ್ಣದ ಹಳೇ ಸ್ಪೋರ್ಟ್ಸ್ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಎರಡೇ ಸೀಟಿನ ಕಾರು. ಭಾನುವಾರ ಊರಾಚೆ ಹಳೇ ಕಾರುಗಳ ರೇಸು.

ಮಹದೇವ: ಗಾಬರಿ ಬೇಡಿ ಅಮ್ಮಾವ್ರೇ. ಮುಂದಿನ ಎರಡು ಚಕ್ರಕ್ಕೆ ದೊಡ್ಡ ಡಿಸ್ಕು, ಹೊಸ ಪ್ಯಾಡು ಆಕ್ತಾ ಇವ್ನಿ.

ಅಂಬುಜಾ: ಮುಂದಿನವಕ್ಕೆ ಮಾತ್ರಾನಾ? ಹಿಂದಿನವು ಏನ್ ಪಾಪ ಮಾಡಿದ್ವು?

ಸುಂದರೇಶ: ಬ್ರೇಕ್ ತುಳಿದ ತಕ್ಷಣ ಭಾರ ಎಲ್ಲಾ ಮುಂದಕ್ಕೆ ಬರತ್ತೆ ಕಣೇ.

ಅಂಬುಜಾ: ಯಾವ ಭಾರ?

ಸುಂದರೇಶರ ಕಣ್ಣು ತನ್ನಷ್ಟಕ್ಕೆ ಹೆಂಡತಿಯತ್ತ ತಿರುಗಿತು.

ಅಂಬುಜಾ: ಕಾರ್ ಕಡೆ ನೋಡ್ಕೊಂಡು ಮಾತಾಡಿ!

ಮಹದೇವ: ಸಿಟಿ ಬಸ್ಸಲ್ಲಿ ಡ್ರೈವರ್ರು ಗಕ್ಕನೆ ಬ್ರೇಕ್ ಒತ್ತಿದ್ರೆ ನಿಂತಿರೋರು ಮುಂದಕ್ಕೆ ತಾನೇ ಬೀಳೋದು? ಅಂಗೇ.

ಅಂಬುಜಾ: ಅದು ಸರಿ. ಮೊನ್ನೆ ಸರಸ್ವತಿಪುರದಲ್ಲಿ ಒಂದಿಡೀ ಟ್ಯುಟೋರಿಯಲ್ಲಿನ ಹುಡುಗ್ರು ನನ್ನ ಮೇಲೆ ಬಿದ್ರು.

ಸುಂದರೇಶ: ಸದ್ಯ, ಅರ್ಥ ಆಯ್ತಲ್ಲ.

ಅಂಬುಜಾ: ಎಲ್ಲಿ ಆಯ್ತು? ರೇಸ್ ಅಂದ್ರೆ ಓಡೋದು. ನಿಲ್ಲೋಕೆ ಯಾಕೆ ಇಷ್ಟೊಂದು ತಯಾರಿ?

ಸುಂದರೇಶ: ಚೆನ್ನಾಗಿ ನಿಲ್ಲೋ ಕಾರೇ ಜೋರಾಗಿ ಓಡೋದು. ಬೇರೆಯವರು ತಿರುವಿಗೆ ನೂರು ಗಜ ಇರೋವಾಗ್ಲೇ ಬ್ರೇಕ್ ಹಾಕ್ತಾರೆ. ನಾನು ಐವತ್ತು ಗಜದವರೆಗೂ ನುಗ್ತೀನಿ!

ಅಂಬುಜಾ: ಹೋದ ತಿಂಗಳು ಬೆಟ್ಟದಿಂದ ಇಳೀವಾಗ ನುಗ್ಗಿದ್ದು ಸಾಲದೇನೋ!

ಅವತ್ತು ಬೆಟ್ಟ ಇಳಿಯುತ್ತಿದ್ದಾಗ ಬ್ರೇಕ್ ಹಿಡಿಯದೆ ಪೆಡಲ್ಲು ಒಮ್ಮೆಲೇ ನೆಲ ಮುಟ್ಟಿತ್ತು. ರಸ್ತೆ ಪಕ್ಕದ ಮರಳಿನ ಗುಡ್ಡೆ ಹತ್ತಿ ಕಾರು ನಿಂತದ್ದರಿಂದ ಇಬ್ಬರೂ ಉಳಿದರು. ಅಂದಿನಿಂದ ಅಂಬುಜಾ ಆ ಕಾರು ಹತ್ತಿರಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಸಿಟಿ ಬಸ್ಸು.

ಮಹದೇವ: ಅವತ್ತು ಬ್ರೇಕ್ ಎಣ್ಣೆ ಕುದ್ದೋಗಿತ್ತು ಅಮ್ಮಾವ್ರೇ.

ಅಂಬುಜಾ: ಕುದಿಯೋಕೆ ಅದೇನು ಬೋಂಡಾ ಬಾಣಲೇನಾ?

ಮಹದೇವ: ಹಳೇದೆಲ್ಲ ಬಸಿದು ಹೊಸದು ಉಯ್ದಿವ್ನಿ. ಒಂದ್ಸಲ ತುಳುದ್ ನೋಡ್ಬುಡಿ, ಕಲ್ಲು ತುಳುದಂಗದೆ.

ಮಹದೇವ ಕೆಲಸ ಮುಗಿಸಿ ಜಾಕಿ ಇಳಿಸಿದ ಮೇಲೆ ಅಂಬುಜಾ ಸೀರೆ ಒತ್ತರಿಸಿಕೊಂಡು ಒಳಗೆ ಕೂತರು. ಒಂದು ಸಲ ತುಳಿದರು. ನಂಬದೆ ಇನ್ನೊಂದು ಸಲ ತುಳಿದರು. ಸುಂದರೇಶ ಬಾಗಿಲ ಬಳಿ ಬಗ್ಗಿ ನೋಡುತ್ತಿದ್ದರು.

ಸುಂದರೇಶ: ಈ ಬ್ರೇಕ್ ರೇಸಿಗೆ ಅನ್ನೋದು ಸುಳ್ಳಲ್ಲ. ಆದ್ರೆ... ಪಕ್ಕದ ಸೀಟು ಖಾಲಿ ಇದ್ರೆ ನನಗೆ ಓಡಿಸೋಕೇ ಬೇಜಾರು ಕಣೇ.

ಅಂಬುಜಾ ಪೆಡಲ್ಲನ್ನು ಮತ್ತೊಂದು ಸಲ ತುಳಿದರು.

ಅಂಬುಜಾ: ರೇಸಲ್ಲಿ ಪಕ್ಕದಲ್ಲಿ ಯಾರಾದ್ರೂ ಕೂರಬಹುದಾ ಮಹದೇವ?

ಮಹದೇವ: ಒಬ್ಬರನ್ನ ಬುಡ್ತಾರೆ ಅಮ್ಮಾವ್ರೇ.

ಅಂಬುಜಾ: ಸರಿ, ನಾನೂ ಬರ್ತೀನಿ. ಆದ್ರೆ ನಾನು ಬ್ರೇಕ್ ಅಂದಾಗ ಬ್ರೇಕ್ ಹಾಕ್ಬೇಕು.

ಸುಂದರೇಶ: ಆಣೆ!

ಭಾನುವಾರ ಎಂಟು ಕಾರುಗಳು ಹೊರಟವು. ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಅಂಬುಜಾ ತಿರುವು ಕಂಡರೆ 'ಬ್ರೇಕ್!' ಅಂದರು, ಬಾವುಟ ಕಂಡರೆ 'ಬ್ರೇಕ್!' ಅಂದರು, ನೇರ ದಾರಿ ಕಂಡರೆ ಅದರ ಕೊನೆಯಲ್ಲೊಂದು ತಿರುವಿದೆಯೆಂದು 'ಬ್ರೇಕ್!' ಅಂದರು. ಹೊಸ ಡಿಸ್ಕುಗಳು ಪ್ರತಿ ಸಲವೂ ಗಪ್ಪೆಂದು ಹಿಡಿದವು. ಕಾರುಗಳು ಒಂದೊಂದಾಗಿ ಮುಂದೆ ಹೋದವು. ಎಲ್ಲಕ್ಕಿಂತ ಕೊನೆಗೆ ಹೋದದ್ದು ಅವರಿಗೆ ಪರಿಚಯದ, ಗೋಕುಲ ಬಡಾವಣೆಯ ವಾಗೀಶರ ಕೆಂಪು ಕಾರು. ಪಕ್ಕದಲ್ಲಿ ಅವರ ಹೆಂಡತಿ ನಯನಾ.

ಅಂಬುಜಾ: ರೀ, ನಯನಾ ಕೈ ಬೀಸಿದ್ಳು.

ಸುಂದರೇಶ: ನೀನೂ ಬೀಸು.

ಅಂಬುಜಾ: ಅವಳು ಬೀಸಿದ್ದು ನಮಸ್ಕಾರಕ್ಕಲ್ಲ ಕಣ್ರೀ, ಟಾಟಾಗೆ! ತೆಗೀರಿ ಕಾಲು!

ಸುಂದರೇಶ: ಯಾವ ಕಾಲು?

ಅಂಬುಜಾ: ಬ್ರೇಕ್ ಮೇಲಿರೋದು!

ಸುಂದರೇಶ: ಮುಂದೆ ತಿರುವಿದೆ!

ಅಂಬುಜಾ: ಅವರಿಗೇನು ಬೇರೆ ತಿರುವಾ? ಈಗ ಬೇಡ... ಬೇಡಾ ಅಂದೆ... ಇನ್ನೂ ಬೇಡ... ಹಾಕಿ!

ವಾಗೀಶರ ಕಾರು ಆಗಲೇ ಬ್ರೇಕ್ ಹಾಕಿ ನಿಧಾನವಾಗಿತ್ತು. ಹಸಿರು ಕಾರು ಒಳಬದಿಯಿಂದ ನುಗ್ಗಿ, ಮೂತಿ ತಗ್ಗಿಸಿ, ಸೊಗಸಾಗಿ ತಿರುಗಿ ಮುಂದಾಯಿತು. ಅಂಬುಜಾ ಹಿಂದಕ್ಕೆ ತಿರುಗಿ ಎರಡೂ ಕೈ ಬೀಸಿದರು. ಅಲ್ಲಿಂದಾಚೆಗೆ ತಿರುವಿನಿಂದ ತಿರುವಿಗೆ 'ಇನ್ನೂ ಬೇಡ' ಉದ್ದವಾಗುತ್ತಾ ಹೋಯಿತು.

ಐದನೆಯವರಾಗಿ ಬಂದರು. ಅಂಬುಜಾ ಹೆಲ್ಮೆಟ್ ತೆಗೆದು, ಕಾರಿಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಸುಂದರೇಶ ಮಾತ್ರ ಸ್ಟೀರಿಂಗ್ ಬಿಡದೆ ಬೆವರುತ್ತಾ ಕೂತಿದ್ದರು. ಮಹದೇವ ಓಡಿ ಬಂದ.

ಮಹದೇವ: ಸಾರ್, ಮುಂದಿನ ಬ್ರೇಕ್ ಎಂಗವೆ?

ಸುಂದರೇಶ: ಇವಳು ಮುಟ್ಟೋಕೆ ಬಿಟ್ರೆ ತಾನೇ ಹೇಳೋಕೆ!